ಬಟ್ಟಲೆತ್ತುವ ಹೊತ್ತು

ಊಟದ ಕೊನೆಗೆ, ಊರ ವಾಡಿಕೆಯಂತೆ, ತಳದಲ್ಲುಳಿದ ಸೂಪಿಗೆ ಕೆಂಪು ವೈನ್ ಸುರಿದುಕೊಂಡು ಕುಡಿಯಲು, ಊರ ಕ್ಲಬ್ಬಿನ ಆಟಗಾರರೆಲ್ಲ ಎರಡೂ ಕೈಯಲ್ಲಿ ಬಟ್ಟಲೆತ್ತಿದರು. ಗ್ರಾಸಿಯೆನ್ ಮಾತ್ರ ಎತ್ತಲಿಲ್ಲ. ಫ್ರಾನ್ಸ್ ತಂಡದ ಮೊದಮೊದಲ ರಗ್ಬಿ ಪಂದ್ಯಗಳನ್ನಾಡಿದ್ದ ಅವನ ಬಲಗೈ ಯುದ್ಧದಲ್ಲಿ ಹೋಗಿತ್ತು. ಅದಾದ ಮೇಲೆ ಅವನು ಈ ಮೇಜಿಗೆ ಬಂದದ್ದು ಇದೇ ಮೊದಲು.

“ದೇಶಕ್ಕೆ ಆಡಿದೋನಿಗೆ ನಮ್ಮೂರ ವೈನ್ ಇಳಿಯಲ್ವೇನೋ?” ಎನ್ನುತ್ತ ಗೆಳೆಯ ಪೆಯ್ರೊ ಅವನ ಬಲಕ್ಕೆ ಬಂದು ಕೂತ. ಮೈದಾನದಲ್ಲಿ ಒಬ್ಬರನ್ನೊಬ್ಬರು ತಬ್ಬಿ ಎದುರಾಳಿಗಳನ್ನು ಹೆಗಲು ಕೊಟ್ಟು ನೂಕುವಾಗಲೂ ಅವನ ಜಾಗ ಅದೇ ಆಗಿತ್ತು. ಗೆಳೆಯನ ಬಟ್ಟಲಿನ ಬಲಬದಿಗೆ ತನ್ನ ಎಡಗೈ ಹಚ್ಚಿದ.

“ಬೇಡ ಕಣೋ, ಎಲ್ಲಾ ನೋಡ್ತಾರೆ.”

“ನೋಡ್ಲಿ ಬಿಡೋ. ನನ್ನನ್ನ ಬೀಳದ ಹಾಗೆ ತಬ್ಬಿ ಹಿಡೀತಿದ್ದದ್ದು ನಿನ್ನ ಆ ಬಲಗೈನೇ ಅಲ್ವಾ? ಎತ್ತು, ಆರಿಹೋಗುತ್ತೆ.”

ಇಬ್ಬರೂ ಸೇರಿ ಎತ್ತಿದರು. ಅರ್ಧ ಗಂಟಲಿಗೆ, ಅರ್ಧ ಅಂಗಿಗೆ. ಕೊನೆಯ ಗುಟುಕು ಉಳಿದಾಗ ಗ್ರಾಸಿಯೆನ್ ಬಟ್ಟಲನ್ನು ಪೆಯ್ರೊನ ಬಾಯಿಯತ್ತ ವಾಲಿಸಿದ.