ಅಮ್ಮ ಹೊಲಿದ ನೈಟ್

ಲೋಬಾನದ ಹೊಗೆ ಮೂಗಿಗೆ ಬಡಿದರೆ ಈಗಲೂ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ.

ಆಗ ನಾವು ಮಸ್ಕತ್ತಿನಲ್ಲಿದ್ದೆವು. ಶಾಲೆಯ ನಾಟಕದಲ್ಲಿ ನಾನು ನೈಟ್ ಆಗಿದ್ದೆ, ಅಂದರೆ ಮಂತ್ರವಾದಿಯ ಕೋಟೆಯಿಂದ ರಾಜಕುಮಾರಿಯನ್ನು ಬಿಡಿಸಿಕೊಂಡು ಬರುವ ಶೂರ ಕುದುರೆ ಸವಾರ. ಅಮ್ಮನಿಗೆ ನಾಟಕದ ಕಥೆ ಹೇಳಿದ್ದೆ, ಆದರೆ ನನ್ನ ಪಾತ್ರದ ಬಗ್ಗೆ ಹೇಳಿದ್ದು ಇಷ್ಟೇ: "ನಾನು ನೈಟ್, ಡ್ರೆಸ್ ಬೇಕು." ಪುತ್ತೂರಿನ ಅಮ್ಮ ಅದನ್ನು ರಾತ್ರಿ ಎಂದುಕೊಂಡಳು. ಬುರ್ಖಾದಂಥ ಅಬಾಯಾಗಳ ಅಂಗಡಿಯಿಂದ ನುಣುಪಾದ ಕರಿ ಬಟ್ಟೆ ತಂದು ನಿಲುವಂಗಿ ಹೊಲಿದಳು, ಮೈತುಂಬ ಜರಿಯ ನಕ್ಷತ್ರ ಕೂರಿಸಿದಳು, ಪಕ್ಕದ ಮನೆಯ ಒಮಾನಿ ಅಜ್ಜಿ ಕಲಿಸಿಕೊಟ್ಟ ಹಾಗೆ ಅದಕ್ಕೆ ಲೋಬಾನದ ಹೊಗೆ ಹಿಡಿದಳು.

ನಾಟಕದ ಮಧ್ಯಾಹ್ನ ಚೀಲದಿಂದ ಅದು ಹೊರಬಂದಾಗ ನನಗೆ ಅಳುವೇ ಬಂತು. ನೈಟ್ ಪಾತ್ರದ ಉಳಿದ ಮಕ್ಕಳೆಲ್ಲ ಅಡುಗೆಮನೆಯ ಫಾಯಿಲನ್ನು ಉಕ್ಕಿನ ಕವಚದಂತೆ ಸುತ್ತಿಕೊಂಡು ಮಿರಮಿರ ಮಿಂಚುತ್ತಿದ್ದರು.

"ಇದೇನ್ರೀ ಇದು?" ಎಂದರು ಮೈಸೂರಿನ ಟೀಚರ್.

ಅಮ್ಮ ಆ ಫಾಯಿಲ್ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಏನೂ ಆಗದವಳಂತೆ ನನಗೆ ನಿಲುವಂಗಿ ತೊಡಿಸುತ್ತಾ ಹೇಳಿದಳು: "ರಾಜಕುಮಾರಿ ಸೆರೆಯಲ್ಲಿ ಕೂತು ಈ ಶೂರನಿಗೇಂತ ಹೊಲಿದು ಕಳಿಸಿದ್ದು ಟೀಚರ್. ಇದು ಹಾಕಿದ್ರೆ ಮಂತ್ರವಾದಿಗೆ ಇವ ಕಾಣುದಿಲ್ಲ, ಬರೀ ರಾತ್ರಿ ಕಾಣ್ತದೆ."

ಟೀಚರ್ ನಕ್ಕುಬಿಟ್ಟರು. ನಾಟಕವನ್ನು ಹಾಗೆಯೇ ಆಡಿಸಿದರು.

ಮಂತ್ರವಾದಿ ನನ್ನ ಮೂಗಿನ ಮುಂದೆಯೇ ಓಡಾಡುತ್ತಾ ನನ್ನನ್ನು ಹುಡುಕಿದ. ನಾನು ಲೋಬಾನದ ಘಮದೊಳಗೆ ನೆಟ್ಟಗೆ ನಿಂತಿದ್ದೆ. ಕೆಳಗೆ ಕೂತಿದ್ದ ಅಮ್ಮ ಪಕ್ಕದವರಿಗೆ ಹೇಳಿದ್ದು ವೇದಿಕೆಯವರೆಗೂ ಕೇಳಿಸಿತು:

"ಆ ನೈಟ್ ನನ್ನ ಮಗಳು."