ಬಿಸಿಲಿಗಿಟ್ಟ ಬಾಂಡ್ ಪತ್ರ

ಹೆಚ್ಚು ಬಡ್ಡಿಯ ಬಾಂಡ್ ಹೊರಡಿಸುವ ಕಂಪನಿಗಳು ವಕೀಲರನ್ನು ಆರಿಸುವ ಮುನ್ನ ಹೂಡಿಕೆದಾರರಿಗಾಗಿ ಅವರು ಬರೆದ ಬಾಂಡ್ ಪತ್ರದ ಕರಡುಗಳನ್ನು ತಾರಸಿಯಲ್ಲಿ ಬಿಸಿಲಿಗಿಡುತ್ತವೆ. ಸುಳ್ಳು ಸಾಲುಗಳ ಶಾಯಿ ಒಂದು ಗಂಟೆಯಲ್ಲಿ ಹಾರಿಹೋಗುತ್ತದೆ.

ಬ್ಯಾಟರಿ ಕಂಪನಿಯ ಯತಿರಾಜ್, ಗಾಳಿಗೆ ಹಾರದಂತೆ ಇಟ್ಟಿದ್ದ ಕಲ್ಲು ಸರಿಸಿ ಎರಡು ವಕೀಲ ಸಂಸ್ಥೆಗಳ ಕರಡು ಕಟ್ಟುಗಳನ್ನು ನೋಡಿದರು. ದೊಡ್ಡ ಸಂಸ್ಥೆಯ ಮುನ್ನೂರು ಪುಟಗಳಲ್ಲಿ ಅರ್ಧ ಬೆಳ್ಳಗಾಗಿದ್ದವು. ಇಬ್ಬರೇ ವಕೀಲರ ಪುಟ್ಟ ಸಂಸ್ಥೆಯ ಮಂದಾರವಲ್ಲಿ ಬರೆದ ನಲವತ್ತು ಪುಟಗಳಲ್ಲಿ ಒಂದಕ್ಷರವೂ ಅಳಿಸಿಹೋಗಿರಲಿಲ್ಲ. ಆದರೂ ಯತಿರಾಜ್ ಅವರ ಮುಖ ಸಪ್ಪಗಾಯಿತು.

"ಕಾರ್ಖಾನೆ ಮುಚ್ಚಿಹೋಗಬಹುದು ಅಂತ ಮೊದಲನೇ ಪುಟದಲ್ಲೇ ಬರೆದುಬಿಟ್ಟಿದ್ದೀರಲ್ಲಮ್ಮಾ. ಇದನ್ನ ಓದಿ ಯಾರು ದುಡ್ಡು ಹಾಕ್ತಾರೆ?"

ಪಕ್ಕದಲ್ಲೇ ನಿಂತಿದ್ದ ಮಂದಾರವಲ್ಲಿ ಪೆನ್ನು ತೆಗೆದು ಕೊನೆಯ ಪುಟದಲ್ಲಿ ಬರೆದಳು: 'ನನ್ನ ಫೀಸನ್ನು ಈ ಬಾಂಡುಗಳಲ್ಲೇ ತೆಗೆದುಕೊಳ್ಳುತ್ತೇನೆ.'

ಆ ಪುಟವನ್ನು ಬಿಸಿಲಿಗಿಟ್ಟು ಮೇಲೆ ಕಲ್ಲು ಹೇರಿದಳು.

"ಒಂದು ಗಂಟೆ ಕಾಯೋಣ ಸರ್. ಅಲ್ಲೀವರೆಗೆ ಕಾಫಿ ತರಿಸಿ."