ಪಿಯಾನೊದ ಮೂಕ ಪಟ್ಟಿ

ಎಡತುದಿಯ ಬಿಳಿ ಪಟ್ಟಿಯನ್ನು ಸುಂದರಾಬಾಯಿ ಮತ್ತೆ ಮತ್ತೆ ಒತ್ತಿದಳು. ಪಿಯಾನೊ ಸದ್ದು ಮಾಡಲಿಲ್ಲ.

“ಕೆಟ್ಟೈತಿ,” ಎಂದ ಗಂಡ ಪಾಯಪ್ಪ, ಬಂದಾಗಿನಿಂದ ಮೊದಲ ಸಲ ಗೆಲುವಾಗಿ. “ಒಂದ ಐಬು ಸಿಕ್ಕರೂ ವಾಪಸ್ ಹೋಗೂದಂತ ನೀನ ಒಪ್ಕೊಂಡಿದ್ದಿ.”

ಒಪ್ಪಿದ್ದಳು, ನಿಜ. ಬಸದಿಯ ಹಾಡುಗಳನ್ನು ಇದರಲ್ಲಿ ನುಡಿಸಬೇಕೆಂಬ ಹಟ ಅವಳದು. ಅದಕ್ಕೇ ಧುಪದಾಳದ ಈ ಬಂಗಲೆಗೆ ಬಂದವಳು, ಊರು ಬಿಡುತ್ತಿದ್ದ ಸಾಹೇಬ ಮಾರಲಿಟ್ಟ ಪಿಯಾನೊದ ಮರಕ್ಕೆ ಹುಳ ಬಿದ್ದಿದೆಯೇ, ತಂತಿಗೆ ತುಕ್ಕು ಹಿಡಿದಿದೆಯೇ ಎಂದು ನೋಡಿ, ಬಲಗಡೆಯಿಂದ ಒಂದೊಂದೇ ಪಟ್ಟಿ ಒತ್ತುತ್ತ ಬಂದಿದ್ದಳು. ಇದೊಂದರ ಹೊರತು ಎಲ್ಲವೂ ನುಡಿದಿದ್ದವು.

“ಒಳಗ ನೋಡದ ನಾ ಏಳಂಗಿಲ್ಲ,” ಎಂದಳು.

ಬಂಗಲೆಯ ಜವಾನ ಶಿದ್ಲಿಂಗಪ್ಪ ಕೆಳಗಿನ ಹಲಗೆ ಕಳಚಿದ. ಪಟ್ಟಿಯಡಿಯ ಉಣ್ಣೆ ಕಿತ್ತು ಕಟ್ಟಿದ ಗೂಡಿನಲ್ಲಿ ಇನ್ನೂ ಕಣ್ಣು ಬಿಡದ ಇಲಿಮರಿಗಳು ಒಂದಕ್ಕೊಂದು ಒತ್ತಿಕೊಂಡು ಮಲಗಿದ್ದವು.

“ಇಷ್ಟ ಏನ್ರಿ? ಈಗ ಸ್ವಚ್ಛ ಮಾಡ್ತೇನಿ,” ಎಂದು ಅವನು ಕಸಬರಿಗೆ ಎತ್ತಿಕೊಂಡ.

“ತಡಿ,” ಎಂದು ಪಾಯಪ್ಪನೇ ಕೈ ಅಡ್ಡ ಹಿಡಿದ. ನೀರನ್ನೂ ಸೋಸಿ ಕುಡಿಯುವ ಜೈನ ಮನೆತನದವನು ಅವನು.

ಗಂಡನ ಮುಖವನ್ನೇ ನೋಡುತ್ತ ಸುಂದರಾಬಾಯಿ ಜವಾನನನ್ನು ಕೇಳಿದಳು: “ನಾವು ಇದನ್ನ ಬಿಟ್ಟು ಹೋದ್ರ ಇವನ್ನ ಏನ್ ಮಾಡ್ತಿ, ತಮ್ಮಾ?”

“ಗುಡಿಸಿ ಹೊರಗ ಒಗಿತೇನ್ರಿ, ಬಾಯಾರ.”

ಪಾಯಪ್ಪ ಬಗ್ಗಿ, ಸಪ್ಪಳವಾಗದಂತೆ ಹಲಗೆಯನ್ನು ತಾನೇ ಮುಚ್ಚಿದ. ಕಿಟಕಿಗೆ ಹೋಗಿ ಗಾಡಿ ಹೊಡೆಯುವ ಅಲ್ಲಪ್ಪನನ್ನು ಕೂಗಿದ.

“ಅಲ್ಲಪ್ಪಾ, ಗಾಡಿಗೆ ಹುಲ್ಲು ದಪ್ಪಗ ಹಾಸು. ಮನೀತನಕ ಎತ್ತು ಸಾವಕಾಶ ನಡೀಲಿ.”